ಪಾಪಿಗಳ ಪರ, ಸಾಲಗಾರರ ಪರ ಬೇಡಿದ ಸಂತ ಅಂತೋಣಿಯವರು



ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿ ಹೆಸರು ಕೇಳದವರು ನಮ್ಮ ಕಡೆ ಕಡಿಮೆ. ಅಲ್ಲಿ ಸಂತ ಅಂತೋಣಿಯವರ ದೊಡ್ಡ ಚರ್ಚು ಇದೆ. ಪ್ರತಿ ವರ್ಷ ಜೂನ್ 13ರಂದು ಹಬ್ಬ ನಡೆಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದಲೂ ಜನ ಹೋಗ್ತಾರೆ. ಕ್ರೈಸ್ತರು ಮಾತ್ರ ಅಲ್ಲ, ಎಲ್ಲಾ ಜಾತಿ ಧರ್ಮದವರೂ ಹೋಗಿ ಮೇಣದ ಬತ್ತಿ ಹಚ್ಚಿ ಹರಕೆ ತೀರಿಸುತ್ತಾರೆ. ಬಹಳ ಹಿಂದೆ ಒಬ್ಬ ರೈತ ಹೊಲ ಉಳುವಾಗ ಮಣ್ಣಿನಲ್ಲಿ ಮರದ ವಿಗ್ರಹ ಸಿಕ್ಕಿತು, ಅದು ಅಂತೋಣಿಯವರದು ಅಂತ ಹಿರಿಯರು ಕಥೆ ಹೇಳ್ತಾರೆ. ಕಳೆದುಹೋದ ವಸ್ತು ಸಿಗಲಿ ಅಂತ ಇವರನ್ನು ಬೇಡಿಕೊಳ್ಳುವವರು ಬಹಳ. ಆದರೆ ಅಂತೋಣಿಯವರು ಯಾರು, ಎಲ್ಲಿಯವರು, ಏನು ಮಾಡಿದರು ಅಂತ ಕೇಳಿದರೆ ಅನೇಕರಿಗೆ ಗೊತ್ತಿಲ್ಲ. ಆದ್ದರಿಂದ ಅವರ ಜೀವನ ಚರಿತ್ರೆಯನ್ನು ಇಲ್ಲಿ ಬರೆದಿದ್ದೇನೆ.

ಹುಟ್ಟು ಮತ್ತು ಓದು

ಅಂತೋಣಿಯವರು ನಮ್ಮ ದೇಶದವರಲ್ಲ. ಅವರು 1195ರಲ್ಲಿ ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ ಹುಟ್ಟಿದರು. ತಂದೆ ತಾಯಿ ಇಟ್ಟ ಹೆಸರು ಫೆರ್ನಾಂಡೊ. ಅನುಕೂಲಸ್ಥರ ಮನೆ. ಆದರೂ ಚಿಕ್ಕ ವಯಸ್ಸಿನಲ್ಲೇ ಮಠ ಸೇರಿದರು. ಮೊದಲು ಲಿಸ್ಬನ್ನಿನಲ್ಲಿ, ಆಮೇಲೆ ಕೊಯಿಂಬ್ರಾ ಎಂಬ ಊರಿನ ಮಠದಲ್ಲಿ ಬೈಬಲ್ ಓದಿದರು. ಆಗ ಯುರೋಪಿನಲ್ಲಿ ಅಚ್ಚಿನ ಪುಸ್ತಕಗಳು ಇರಲಿಲ್ಲ. ನಮ್ಮ ಈ ಗೋಡೆ ಪತ್ರಿಕೆಯ ಹಾಗೆ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಿತ್ತು.

1220ರಲ್ಲಿ ಫ್ರಾನ್ಸಿಸ್ಕನ್ ಸಭೆಯ ಐದು ಜನ ಸನ್ಯಾಸಿಗಳು ಮೊರಾಕ್ಕೊ ದೇಶದಲ್ಲಿ ಧರ್ಮ ಸಾರಲು ಹೋಗಿ ಪ್ರಾಣ ಕಳೆದುಕೊಂಡರು. ಅವರ ಅವಶೇಷಗಳನ್ನು ಕೊಯಿಂಬ್ರಾಕ್ಕೆ ತಂದರು. ಅದನ್ನು ನೋಡಿ ಫೆರ್ನಾಂಡೊ ಅವರ ಮನಸ್ಸು ಬದಲಾಯಿತು. ಅಸ್ಸಿಸಿಯ ಸಂತ ಫ್ರಾನ್ಸಿಸರು ಕಟ್ಟಿದ ಆ ಬಡ ಸಭೆಯನ್ನೇ ಸೇರಿ ಅಂತೋಣಿ ಎಂದು ಹೆಸರು ಇಟ್ಟುಕೊಂಡರು. ತಾವೂ ಮೊರಾಕ್ಕೊಗೆ ಹೋದರು. ಅಲ್ಲಿ ಕಾಯಿಲೆ ಬಿದ್ದು ವಾಪಸ್ ಹೊರಟಾಗ ಬಿರುಗಾಳಿಗೆ ಸಿಕ್ಕಿದ ಹಡಗು ಇಟಲಿಯ ಸಿಸಿಲಿ ದ್ವೀಪಕ್ಕೆ ಹೋಗಿ ಸೇರಿತು.

ಪಾತ್ರೆ ತೊಳೆಯುತ್ತಿದ್ದವರು ಪ್ರಸಂಗ ಮಾಡಿದರು

ಇಟಲಿಯಲ್ಲಿ ಇವರು ಇಷ್ಟು ಓದಿದವರು ಅಂತ ಯಾರಿಗೂ ತಿಳಿಯಲಿಲ್ಲ. ಬೆಟ್ಟದ ಮೇಲಿನ ಒಂದು ಚಿಕ್ಕ ಆಶ್ರಮದಲ್ಲಿ ಪಾತ್ರೆ ತೊಳೆಯುತ್ತಾ, ನೆಲ ಗುಡಿಸುತ್ತಾ ಇದ್ದುಬಿಟ್ರು. 1222ರಲ್ಲಿ ಫೋರ್ಲಿ ಎಂಬ ಊರಿನಲ್ಲಿ ಗುರುದೀಕ್ಷೆಯ ಕಾರ್ಯಕ್ರಮ ನಡೆಯಿತು. ಪ್ರಸಂಗ ಮಾಡಲು ಯಾರೂ ತಯಾರಾಗಿ ಬಂದಿರಲಿಲ್ಲ. ದೊಡ್ಡವರು ಅಂತೋಣಿಯವರನ್ನು ಎದ್ದು ಮಾತಾಡು ಅಂದರು. ಅವರು ಮಾತಾಡಿದ್ದನ್ನು ಕೇಳಿ ಎಲ್ಲರೂ ಬೆರಗಾದರು. ಅಂದಿನಿಂದ ಅವರು ಇಟಲಿ, ಫ್ರಾನ್ಸ್ ದೇಶಗಳ ಊರೂರು ಸುತ್ತಿ ಪ್ರಸಂಗ ಮಾಡಿದರು. ಇತರ ಸನ್ಯಾಸಿಗಳಿಗೆ ಪಾಠ ಹೇಳಲು ಸಂತ ಫ್ರಾನ್ಸಿಸರೇ ಅವರಿಗೆ ಅನುಮತಿ ಕೊಟ್ಟರು.

ದೇವರ ಮುಂದೆ ವಕೀಲರು

ಅಂತೋಣಿಯವರ ಮುಖ್ಯ ಕೆಲಸ ಎರಡು. ಒಂದು ಪ್ರಸಂಗ, ಇನ್ನೊಂದು ಜನರ ಪಾಪನಿವೇದನೆ ಕೇಳುವುದು. ಪಾಪನಿವೇದನೆ ಎಂದರೆ ಕ್ರೈಸ್ತರು ತಾವು ಮಾಡಿದ ತಪ್ಪನ್ನು ಗುರುಗಳ ಹತ್ತಿರ ಹೇಳಿಕೊಂಡು ದೇವರ ಕ್ಷಮೆ ಕೇಳುವುದು. ವರ್ಷಕ್ಕೆ ಒಂದು ಸಲವಾದರೂ ಹೀಗೆ ಮಾಡಬೇಕು, ಕೇಳಿದ ಗುರುಗಳು ಅದನ್ನು ಯಾರಿಗೂ ಹೇಳಬಾರದು ಅಂತ 1215ರಲ್ಲಿ ರೋಮಿನಲ್ಲಿ ನಡೆದ ಮಹಾಸಭೆ ನಿಯಮ ಮಾಡಿತ್ತು.

ಬೈಬಲಿನಲ್ಲಿ ಯೇಸುಕ್ರಿಸ್ತರನ್ನು ತಂದೆಯಾದ ದೇವರ ಮುಂದೆ ನಮ್ಮ ಪರವಾಗಿ ಮಾತಾಡುವವರು ಎಂದು ಹೇಳಿದೆ. ಅಂದರೆ ನಮ್ಮ ವಕೀಲರು. ಆದರೆ ಕೋರ್ಟಿನ ವಕೀಲರಿಗೂ ಇವರಿಗೂ ವ್ಯತ್ಯಾಸ ಇದೆ. ಕೋರ್ಟಿನಲ್ಲಿ ವಕೀಲರು ನಮ್ಮ ಕಕ್ಷಿದಾರ ತಪ್ಪು ಮಾಡಿಲ್ಲ ಅಂತ ವಾದ ಮಾಡಬಹುದು. ಇಲ್ಲಿ ಹಾಗಲ್ಲ. ತಪ್ಪು ಮಾಡಿದ್ದು ನಿಜ ಅಂತ ಮೊದಲೇ ಒಪ್ಪಿಕೊಳ್ಳಬೇಕು. ಆಮೇಲೆ ಅವರು ನಮಗಾಗಿ ಬೇಡುತ್ತಾರೆ. ಸಂತರು ಕೂಡ ನಮ್ಮ ಜೊತೆ ಸೇರಿ ಬೇಡುತ್ತಾರೆ ಅಂತ ಕಥೋಲಿಕ ಕ್ರೈಸ್ತರ ನಂಬಿಕೆ. ಕ್ಷಮಿಸುವವರು ಮಾತ್ರ ದೇವರೇ, ಸಂತರಲ್ಲ.

ಇದಕ್ಕೆ ಒಂದು ಕಥೆ ಇದೆ. ಒಬ್ಬ ಮನುಷ್ಯ ಅಂತೋಣಿಯವರ ಹತ್ತಿರ ಬಂದು ಪಾಪ ಹೇಳಲಾರದೆ ಬಿಕ್ಕಿ ಬಿಕ್ಕಿ ಅಳುತ್ತಿದ್ದನಂತೆ. ಹೋಗಿ ಬರೆದುಕೊಂಡು ಬಾ ಅಂತ ಅವರು ಕಳಿಸಿದರಂತೆ. ಅವನು ಬರೆದು ತಂದ ಮೇಲೆ ನೋಡಿದರೆ ಒಂದು ಅಕ್ಷರವೂ ಇರಲಿಲ್ಲವಂತೆ. ಒರೆಸಿದ ಸ್ಲೇಟಿನ ಹಾಗೆ ಖಾಲಿ. ಇದು ಜನ ಹೇಳುವ ಕಥೆ. ಮನಸಾರೆ ಪಶ್ಚಾತ್ತಾಪ ಪಟ್ಟರೆ ದೇವರು ಲೆಕ್ಕ ಇಟ್ಟುಕೊಳ್ಳುವುದಿಲ್ಲ ಎಂಬುದು ಇದರ ಅರ್ಥ.

ಸಾಲಗಾರರ ಪರ

1231ರ ತಪಸ್ಸುಕಾಲದಲ್ಲಿ ಅಂತೋಣಿಯವರು ಇಟಲಿಯ ಪಾದುವಾ ನಗರದಲ್ಲಿ ದಿನಾಲೂ ಪ್ರಸಂಗ ಮಾಡಿದರು. ಚರ್ಚಿನಲ್ಲಿ ಜಾಗ ಸಾಲದೆ ಬಯಲಿನಲ್ಲಿ ನಿಂತು ಮಾತಾಡಿದರು. 30,000 ಜನ ಸೇರುತ್ತಿದ್ದರು ಅಂತ ಹಳೆಯ ಚರಿತ್ರೆ ಹೇಳುತ್ತದೆ. ಪಾಪನಿವೇದನೆ ಕೇಳಲು ಗುರುಗಳೇ ಸಾಲುತ್ತಿರಲಿಲ್ಲ. ದ್ವೇಷ ಸಾಧಿಸುತ್ತಿದ್ದವರು ರಾಜಿಯಾದರು. ಅನ್ಯಾಯದ ಬಡ್ಡಿ ತಿಂದವರು ಹಣ ವಾಪಸ್ ಕೊಟ್ಟರು. ಬರೀ ಬಾಯಲ್ಲಿ ಕ್ಷಮೆ ಕೇಳಿದರೆ ಸಾಲದು, ಕಿತ್ತುಕೊಂಡಿದ್ದನ್ನು ಹಿಂದಕ್ಕೆ ಕೊಡಬೇಕು ಅಂತ ಅವರು ಕಲಿಸಿದರು.

ಆಗ ಪಾದುವಾದಲ್ಲಿ ಸಾಲ ತೀರಿಸಲು ಆಗದವರನ್ನು ಜೈಲಿಗೆ ಹಾಕುತ್ತಿದ್ದರು. ಜಾಮೀನು ನಿಂತವರಿಗೂ ಅದೇ ಗತಿ. ಜೈಲಿನಲ್ಲಿ ಕೂತವನು ದುಡಿದು ಸಾಲ ತೀರಿಸುವುದು ಹೇಗೆ? ಹೆಂಡತಿ ಮಕ್ಕಳ ಗತಿ ಏನು? ಅಂತೋಣಿಯವರು ನಗರದ ಅಧಿಕಾರಿಗಳ ಹತ್ತಿರ ಇವರ ಪರವಾಗಿ ಬೇಡಿಕೊಂಡರು. 1231ರ ಮಾರ್ಚ್ ತಿಂಗಳಲ್ಲಿ ಪಾದುವಾದಲ್ಲಿ ಹೊಸ ಕಾನೂನು ಬಂತು. ತನ್ನ ಹತ್ತಿರ ಇರುವುದನ್ನು ಒಪ್ಪಿಸಿಬಿಟ್ಟರೆ ಸಾಲಗಾರನನ್ನಾಗಲೀ ಜಾಮೀನುದಾರನನ್ನಾಗಲೀ ಜೈಲಿನಲ್ಲಿ ಇಡಬಾರದು. ಅಂತೋಣಿಯವರ ಕೋರಿಕೆಯಿಂದ ಇದನ್ನು ಮಾಡಿದೆ ಅಂತ ಆ ಕಾನೂನಿನಲ್ಲೇ ಬರೆದಿದೆ.

ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಬ್ಯಾರನ್‌ಗೆ, ಸೌದೆಗೆ, ಗೊಬ್ಬರಕ್ಕೆ ಸಾಲ ಮಾಡಿ, ಹರಾಜಿನಲ್ಲಿ ರೇಟು ಬೀಳದಿರಲಿ ಅಂತ ಕಾಯುತ್ತಾರೆ. ಸಾಲ ಎಂದರೆ ಏನು, ಜಾಮೀನು ನಿಲ್ಲುವುದು ಎಂದರೆ ಏನು ಅಂತ ನಮ್ಮ ಕಡೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಅಂತೋಣಿಯವರ ಈ ಕೆಲಸ ನನಗೆ ಎಲ್ಲಾ ಪವಾಡಗಳಿಗಿಂತ ದೊಡ್ಡದು ಅನ್ನಿಸುತ್ತದೆ.

ಸೋತ ಬೇಡಿಕೆ

ಬೇಡಿದ್ದೆಲ್ಲಾ ಅವರಿಗೆ ಸಿಗಲಿಲ್ಲ. ಎತ್ಸೆಲಿನೊ ಎಂಬ ಕ್ರೂರ ಸೇನಾಧಿಪತಿ ಕೆಲವರನ್ನು ಸೆರೆಯಲ್ಲಿ ಇಟ್ಟಿದ್ದ. ಅಂತೋಣಿಯವರು ಕಾಯಿಲೆಯಲ್ಲೇ ವೆರೋನಾ ನಗರಕ್ಕೆ ಹೋಗಿ ಅವರನ್ನು ಬಿಟ್ಟುಬಿಡು ಅಂತ ಕೇಳಿಕೊಂಡರು. ಅವನು ಒಪ್ಪಲಿಲ್ಲ. ಬರಿಗೈಯಲ್ಲಿ ವಾಪಸ್ ಬಂದರು. ದೇವರು ಕ್ಷಮಿಸಿದಷ್ಟು ಸುಲಭವಾಗಿ ಮನುಷ್ಯ ಕ್ಷಮಿಸುವುದಿಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಕೊನೆಯ ದಿನಗಳು

ಅದೇ ವರ್ಷ ಅವರು ವಿಶ್ರಾಂತಿಗೆ ಕಾಂಪೊಸಾಂಪಿಯೆರೊ ಎಂಬ ಊರಿಗೆ ಹೋದರು. ಅಲ್ಲಿ ಒಂದು ದೊಡ್ಡ ಅಕ್ರೋಟ್ ಮರದ ಮೇಲೆ ಅಟ್ಟಣೆ ಕಟ್ಟಿಸಿಕೊಂಡು ಪ್ರಾರ್ಥನೆ ಮಾಡುತ್ತಿದ್ದರು. 1231ರ ಜೂನ್ 13ರಂದು ಕಾಯಿಲೆ ಜಾಸ್ತಿಯಾಯಿತು. ಪಾದುವಾಕ್ಕೆ ಕರೆದುಕೊಂಡು ಹೋಗಿ ಅಂದರು. ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟರು. ಊರು ಮುಟ್ಟುವ ಮೊದಲೇ, ಆರ್ಚೆಲ್ಲಾ ಎಂಬ ಜಾಗದಲ್ಲಿ ತೀರಿಕೊಂಡರು. ಆಗ ಅವರಿಗೆ ಇನ್ನೂ ಸುಮಾರು 35 ವರ್ಷ. ಸಾಯುವ ಮುಂಚೆ ಅವರೂ ಪಾಪನಿವೇದನೆ ಮಾಡಿ ಕ್ಷಮೆ ಪಡೆದರು. ಸಾವಿರಾರು ಜನರ ಪಾಪ ಕೇಳಿದವರು ತಾನು ಎಲ್ಲರಿಗಿಂತ ಮೇಲು ಅಂದುಕೊಳ್ಳಲಿಲ್ಲ.

ಒಂದು ವರ್ಷ ತುಂಬುವುದರ ಒಳಗೆ, 1232ರ ಮೇ 30ರಂದು, ಪೋಪ್ ಒಂಬತ್ತನೇ ಗ್ರೆಗೊರಿಯವರು ಅವರನ್ನು ಸಂತ ಎಂದು ಸಾರಿದರು. ಅವರ ಸಮಾಧಿ ಪಾದುವಾದಲ್ಲಿದೆ. ಅವರು ತೀರಿಕೊಂಡ ದಿನವೇ ಡೋರ್ನಹಳ್ಳಿಯ ಹಬ್ಬದ ದಿನ.

ಗೆಳೆಯರೇ, ಅಂತೋಣಿಯವರಿಂದ ನಾವು ಕಲಿಯುವುದು ಬಹಳ ಇದೆ. ತಪ್ಪು ಮಾಡಿದರೆ ಮುಚ್ಚಿಡದೆ ಒಪ್ಪಿಕೊಳ್ಳಬೇಕು. ಇನ್ನೊಬ್ಬರದನ್ನು ತೆಗೆದುಕೊಂಡಿದ್ದರೆ ಹಿಂದಕ್ಕೆ ಕೊಡಬೇಕು. ಕಷ್ಟದಲ್ಲಿ ಇರುವವರ ಪರವಾಗಿ ನಾಲ್ಕು ಮಾತಾಡಬೇಕು. ನಮ್ಮ ಜೊತೆ ಜಗಳ ಆಡಿದವರನ್ನು ಕ್ಷಮಿಸಬೇಕು. ಡೋರ್ನಹಳ್ಳಿಗೆ ಹೋದಾಗ ಹರಕೆಯ ಜೊತೆಗೆ ಇದನ್ನೂ ನೆನೆಯೋಣ.

– 7ನೇ ತರಗತಿ ವಿದ್ಯಾರ್ಥಿ