ಕತ್ತಲೆಕೋಣೆಯ ಸಾಧಕ ದಾದಾಸಾಹೇಬ ಫಾಲ್ಕೆ

ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ಉದ್ಯೋಗಾರ್ಥವಾಗಿ ಬಂದು ನೆಲಸಿರುವ ನಮ್ಮ ಕನ್ನಡ ಬಂಧುಗಳಲ್ಲಿ ಬಹುಮಂದಿಯ ಟ್ರಂಕಿನ ತಳದಲ್ಲಿ ಊರಿನಿಂದ ತಂದ ಒಂದು ಹಳೆಯ ಫೋಟೋ ಇದ್ದೇ ಇರುತ್ತದೆ. ತಾಯಿಯದೋ, ಮದುವೆಯ ದಿನದ್ದೋ, ಅಂಚು ಹಳದಿಯಾದ ಆ ಒಂದು ಕಾಗದವನ್ನು ಯಾರೂ ಎಸೆಯುವುದಿಲ್ಲ. ಇಂದು ಎಲ್ಲರ ಕಿಸೆಯಲ್ಲಿಯೂ ಫೋನಿದೆ. ದಿನಕ್ಕೆ ನೂರು ಚಿತ್ರ ತೆಗೆದರೂ ಕಾಸಿನ ಖರ್ಚಿಲ್ಲ. ಹೀಗಿದ್ದರೂ ಫಿಲ್ಮಿನ ಸುರುಳಿ ತುಂಬುವ ಹಳೆಯ ಕ್ಯಾಮೆರಾವನ್ನು ಹುಡುಕಿ ತಂದು ಹೆಗಲಿಗೇರಿಸುವ ತರುಣರು ನಮ್ಮ ನಡುವೆ ಇದ್ದಾರೆ. ಇದೇನು ವ್ಯಾಮೋಹವೆಂದು ಹಿರಿಯರು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರವನ್ನು ಅರಸುವವರು ಒಮ್ಮೆ ದಾದಾಸಾಹೇಬ ಫಾಲ್ಕೆಯವರ ಜೀವನವನ್ನು ನೋಡಬೇಕೆಂದು ನಮಗೆ ತೋರುತ್ತದೆ. ಭಾರತೀಯ ಚಲಚ್ಚಿತ್ರದ ಜನಕರೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಅವರು ಕ್ಯಾಮೆರಾ ಹಿಡಿಯಲು ಕಲಿತದ್ದು ಈ ಗುಜರಾತಿನ ನೆಲದಲ್ಲಿ. ನಾವಿರುವ ಮೂರು ನಗರಗಳಿಗೂ ಅವರ ಬದುಕಿನಲ್ಲಿ ಪಾಲಿದೆ ಎಂಬುದನ್ನು ಬಲ್ಲವರು ಕಡಿಮೆ.

ಕಲಾಭವನದ ವಿದ್ಯಾರ್ಥಿ

ಧುಂಡಿರಾಜ ಗೋವಿಂದ ಫಾಲ್ಕೆಯವರು ೧೮೭೦ನೆಯ ಇಸವಿ ಏಪ್ರಿಲ್ ೩೦ರಂದು ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ತಂದೆ ಸಂಸ್ಕೃತ ಪಂಡಿತರು. ಅವರಿಗೆ ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ ದೊರೆತುದರಿಂದ ಸಂಸಾರವು ಆ ಮಹಾನಗರಕ್ಕೆ ಬಂದಿತು. ಬಾಲಕನ ಮನಸ್ಸು ಶಾಸ್ತ್ರಗ್ರಂಥಗಳಿಗಿಂತ ಬಣ್ಣ ಕುಂಚಗಳತ್ತ ಒಲಿದಿತ್ತು. ೧೮೮೫ರಲ್ಲಿ ಜೆ. ಜೆ. ಕಲಾಶಾಲೆಯನ್ನು ಸೇರಿ ಒಂದು ವರ್ಷ ಚಿತ್ರ ಬರೆಯುವುದನ್ನು ಕಲಿತರು. ಆ ಬಳಿಕ ಅಣ್ಣನವರೊಡನೆ ಅಂದಿನ ಬಡೋದೆಗೆ, ಎಂದರೆ ಇಂದಿನ ವಡೋದರಾ ನಗರಕ್ಕೆ ಬಂದರು.

ಆಗ ಬಡೋದೆಯು ಮಹಾರಾಜ ಸಯಾಜಿರಾವ್ ಗಾಯಕವಾಡರ ಆಳ್ವಿಕೆಯಲ್ಲಿತ್ತು. ಕೈಕಸಬನ್ನೂ ವಿಜ್ಞಾನವನ್ನೂ ಜೊತೆಗೂಡಿಸಿ ಕಲಿಸಬೇಕೆಂಬ ಉದ್ದೇಶದಿಂದ ಅಲ್ಲಿ ಕಲಾಭವನವೆಂಬ ಸಂಸ್ಥೆ ಆರಂಭವಾಯಿತು. ಸೂರತ್ತಿನವರಾದ ರಸಾಯನಶಾಸ್ತ್ರಜ್ಞ ತ್ರಿಭುವನದಾಸ ಗಜ್ಜರರು ಅದರ ಮುಖ್ಯಸ್ಥರು. ಇಂದು ಸಯಾಜಿರಾವ್ ವಿಶ್ವವಿದ್ಯಾನಿಲಯದ ಯಂತ್ರಶಾಸ್ತ್ರ ವಿಭಾಗವಾಗಿ ಬೆಳೆದಿರುವುದು ಆ ಕಲಾಭವನವೇ. ಫಾಲ್ಕೆಯವರು ಅಲ್ಲಿ ತೈಲಚಿತ್ರ, ಜಲವರ್ಣ, ಮೂರ್ತಿಶಿಲ್ಪಗಳನ್ನು ಅಭ್ಯಾಸಮಾಡಿದರು. ೧೮೯೦ರಲ್ಲಿ ಕ್ಯಾಮೆರಾವೊಂದನ್ನು ಕೊಂಡು ಛಾಯಾಚಿತ್ರ ತೆಗೆಯುವ, ತೊಳೆಯುವ, ಮುದ್ರಿಸುವ ಪ್ರಯೋಗಗಳಲ್ಲಿ ಮುಳುಗಿದರು. ೧೮೯೨ರಲ್ಲಿ ಅಹಮದಾಬಾದಿನಲ್ಲಿ ಜರುಗಿದ ಕೈಗಾರಿಕಾ ಪ್ರದರ್ಶನದಲ್ಲಿ, ನಾಟಕಗೃಹವು ಹೇಗಿರಬೇಕೆಂಬುದನ್ನು ತೋರಿಸುವ ಮಾದರಿಯೊಂದನ್ನು ಅವರು ಮಾಡಿಟ್ಟರು. ಅದಕ್ಕೆ ಸುವರ್ಣಪದಕ ದೊರೆಯಿತು. ಗಜ್ಜರರು ಈ ಶಿಷ್ಯನನ್ನು ರತಲಾಮಿಗೆ ಕಳುಹಿಸಿ ಬಣ್ಣದ ಅಚ್ಚಿನ ಕೆಲಸವನ್ನು ಕಲಿಸಿದ್ದಲ್ಲದೆ, ಕಲಾಭವನದ ಕತ್ತಲೆಕೋಣೆಯನ್ನೂ ಅವರ ಉಪಯೋಗಕ್ಕೆ ಬಿಟ್ಟುಕೊಟ್ಟರು.

ಸೋಲುಗಳ ಸರಣಿ

ವಿದ್ಯೆ ಕೈಗೆ ಹತ್ತಿದರೂ ಅನ್ನ ಹತ್ತಲಿಲ್ಲ. ೧೮೯೫ರಲ್ಲಿ ಫಾಲ್ಕೆಯವರು ಗೋಧ್ರಾಕ್ಕೆ ಹೋಗಿ ಫೋಟೋ ತೆಗೆಯುವ ವೃತ್ತಿಯನ್ನು ಹಿಡಿದರು. ಆ ಊರಿನಲ್ಲಿ ಪ್ಲೇಗಿನ ಮಾರಿಗೆ ಅವರ ಪತ್ನಿಯೂ ಮಗುವೂ ಬಲಿಯಾದರು. ಮೂವತ್ತರ ವಯಸ್ಸಿನಲ್ಲಿ ಒಂಟಿಯಾಗಿ ಬಡೋದೆಗೆ ಹಿಂದಿರುಗಿ ಮತ್ತೆ ಕ್ಯಾಮೆರಾ ನಿಲ್ಲಿಸಿದರೆ ಜನ ಹತ್ತಿರ ಸುಳಿಯಲಿಲ್ಲ. ಫೋಟೋ ತೆಗೆಸಿಕೊಂಡರೆ ಮೈಯ ಸತ್ವವನ್ನು ಆ ಪೆಟ್ಟಿಗೆ ಹೀರುತ್ತದೆ, ಆಯುಸ್ಸು ಕುಂದುತ್ತದೆ ಎಂಬ ಭಯ ಊರನ್ನೆಲ್ಲ ಆವರಿಸಿತ್ತು. ಹೆಂಡತಿ ಮಗುವನ್ನು ಕಳೆದುಕೊಂಡ ಆ ಮನುಷ್ಯನಿಗೆ, ಬಾಳನ್ನು ಕಸಿಯುವ ಬದಲು ಬಾಳಿನ ಗುರುತನ್ನು ಉಳಿಸಿಕೊಡುವ ಯಂತ್ರವಿದು ಎಂದು ಜನರಿಗೆ ತಿಳಿಯಹೇಳುವ ಕೆಲಸ ಬಿದ್ದಿತು. ಆ ಮಾತು ವ್ಯಾಪಾರಕ್ಕೆ ಒದಗಲಿಲ್ಲ.

ಹೊಟ್ಟೆಪಾಡಿಗಾಗಿ ನಾಟಕ ಮಂಡಳಿಗಳ ಪರದೆಗಳಿಗೆ ಬಣ್ಣ ಬರೆದರು. ಬಡೋದೆಗೆ ಬಂದಿದ್ದ ಜರ್ಮನ್ ಜಾದೂಗಾರನೊಬ್ಬನಿಂದ ಕೈಚಳಕ ಕಲಿತು, ತಮ್ಮ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ, ಪ್ರೊಫೆಸರ್ ಕೆಲ್ಫಾ ಎಂಬ ಹೆಸರಿನಿಂದ ಇಂದ್ರಜಾಲ ಪ್ರದರ್ಶಿಸಿದರು. ೧೯೦೨ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯ ಒಡೆಯರ ಸಂಬಂಧಿಯಾದ ಕನ್ಯೆಯನ್ನು ವಿವಾಹವಾದರು. ಆಕೆಯೇ ಮುಂದೆ ಸರಸ್ವತಿಬಾಯಿ ಎಂದು ಹೆಸರಾದರು. ಆ ಮಂಡಳಿಯ ಸ್ಥಾಪಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೆಂಬುದನ್ನು ವಾಚಕರು ನೆನೆಯಬಹುದು. ಮರುವರ್ಷ ಸರಕಾರದ ಪ್ರಾಚ್ಯವಸ್ತು ಇಲಾಖೆಯಲ್ಲಿ ನೌಕರಿ ದೊರೆಯಿತು. ತಿಂಗಳ ಸಂಬಳದ ನೆಮ್ಮದಿಯನ್ನು ಅವರು ೧೯೦೬ರಲ್ಲಿ ತಾವಾಗಿ ಬಿಟ್ಟರು. ಲೋನಾವಳೆಯಲ್ಲಿ ಮುದ್ರಣಾಲಯ ತೆರೆದು ರಾಜಾ ರವಿವರ್ಮರ ಪಟಗಳ ಅಚ್ಚಿನ ಕೆಲಸ ಮಾಡಿದರು. ಜರ್ಮನಿಗೆ ಹೋಗಿ ಹೊಸ ಯಂತ್ರಗಳನ್ನು ಕಂಡುಬಂದರು. ಪಾಲುಗಾರರೊಡನೆ ಮನಸ್ತಾಪ ಬರಲು ಅದನ್ನೂ ತೊರೆದು ಬರಿಗೈಯಲ್ಲಿ ಹೊರಬಂದರು. ಆಗ ಅವರ ವಯಸ್ಸು ನಲವತ್ತು.

ಬಟಾಣಿಯ ಬಳ್ಳಿ

ಆ ನಿರುದ್ಯೋಗದ ದಿನಗಳಲ್ಲಿಯೇ ಮುಂಬಯಿಯ ಗಿರಗಾಂವಿನ ಡೇರೆಯೊಂದರಲ್ಲಿ ಯೇಸುಕ್ರಿಸ್ತನ ಜೀವನದ ಮೂಕಚಿತ್ರವನ್ನು ನೋಡಿದರು. ಪರದೆಯ ಮೇಲೆ ಕ್ರಿಸ್ತನು ನಡೆಯುತ್ತಿದ್ದಂತೆ ಅವರ ಮನಸ್ಸಿಗೆ ರಾಮಕೃಷ್ಣರು ಕಾಣಿಸತೊಡಗಿದರು. ಅಂದಿನಿಂದ ಹಗಲಿರುಳೂ ಅದೇ ಧ್ಯಾನ. ಸಿಕ್ಕಿದ ಚಿತ್ರಗಳನ್ನೆಲ್ಲ ನೋಡಿ ನೋಡಿ ಕಣ್ಣಿಗೆ ಆಯಾಸವಾಗಿ ದೃಷ್ಟಿಯೇ ಮಂದವಾಯಿತು. ವೈದ್ಯರ ಆರೈಕೆಯಿಂದ ಮರಳಿ ಬಂದಿತು. ಜೀವವಿಮೆಯ ಪಾಲಿಸಿಗಳನ್ನು ಒತ್ತೆಯಿಟ್ಟು ಸಾಲವೆತ್ತಿ, ೧೯೧೨ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹಡಗು ಹತ್ತಿದರು. ಅಲ್ಲಿ ಸೆಸಿಲ್ ಹೆಪ್ವರ್ತ್ ಎಂಬ ಚಿತ್ರೋದ್ಯಮಿಯ ಸ್ಟುಡಿಯೋದಲ್ಲಿ ಕೆಲಸವನ್ನು ಕಣ್ಣಾರೆ ಕಂಡು, ವಿಲಿಯಮ್ಸನ್ ಕ್ಯಾಮೆರಾವನ್ನೂ, ಫಿಲ್ಮಿಗೆ ರಂಧ್ರ ಕೊರೆಯುವ ಯಂತ್ರವನ್ನೂ ಕೊಂಡರು.

ಊರಿಗೆ ಮರಳಿದ ಮೇಲೆ ಹಣವಂತರನ್ನು ನಂಬಿಸಬೇಕಾಗಿತ್ತು. ಫಾಲ್ಕೆಯವರು ಒಂದು ಕುಂಡದಲ್ಲಿ ಬಟಾಣಿ ಕಾಳನ್ನು ಬಿತ್ತಿ, ಕ್ಯಾಮೆರಾವನ್ನು ಅದರೆದುರು ಕದಲದಂತೆ ನಿಲ್ಲಿಸಿ, ತಿಂಗಳಿಗೂ ಮಿಕ್ಕ ಕಾಲ ಬಿಡಿ ಬಿಡಿಯಾಗಿ ಚಿತ್ರ ತೆಗೆದರು. ಆ ಫಿಲ್ಮನ್ನು ಓಡಿಸಿದಾಗ ಕಾಳು ಮೊಳೆತು ಬಳ್ಳಿಯಾಗುವುದು ಕೆಲವೇ ಕ್ಷಣಗಳಲ್ಲಿ ಕಣ್ಣಿಗೆ ಕಟ್ಟಿತು. ನೋಡಿದವರು ಬೆರಗಾಗಿ ಹಣ ಕೊಟ್ಟರು. ಸಾಲದುದಕ್ಕೆ ಸರಸ್ವತಿಬಾಯಿಯವರ ಆಭರಣಗಳು ಹೋದವು.

ಹೋಟೆಲಿನಿಂದ ಬಂದ ತಾರಾಮತಿ

ಮೊದಲ ಕಥೆಯಾಗಿ ಅವರು ಆರಿಸಿದ್ದು ರಾಜಾ ಹರಿಶ್ಚಂದ್ರನನ್ನು. ರಾಘವಾಂಕನ ಕಾವ್ಯದಿಂದ ಮೊದಲುಗೊಂಡು ೧೯೬೫ರ ಕನ್ನಡ ಚಿತ್ರದವರೆಗೆ ನಮ್ಮವರ ಮನಸ್ಸಿನಲ್ಲಿ ನೆಲೆಯೂರಿದ ಕಥೆಯದು. ದತ್ತಾತ್ರೇಯ ದಾಬಕೆಯವರು ಹರಿಶ್ಚಂದ್ರನಾದರು, ಫಾಲ್ಕೆಯವರ ಪುತ್ರನೇ ರೋಹಿತನಾದನು. ಆದರೆ ತಾರಾಮತಿಯ ಪಾತ್ರಕ್ಕೆ ಯಾವ ಹೆಂಗಸೂ ಒಪ್ಪಲಿಲ್ಲ. ಕೊನೆಗೆ ಮುಂಬಯಿಯ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ದುಡಿಯುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಯುವಕನು ಅವರ ಕಣ್ಣಿಗೆ ಬಿದ್ದನು. ಅಡಿಗೆಯವನೆಂದು ಕೆಲವರು, ಮಾಣಿಯೆಂದು ಕೆಲವರು ಅವನನ್ನು ಕುರಿತು ಬರೆದಿದ್ದಾರೆ. ತಿಂಗಳಿಗೆ ಹತ್ತು ರೂಪಾಯಿ ಪಡೆಯುತ್ತಿದ್ದವನಿಗೆ ಫಾಲ್ಕೆಯವರು ಹದಿನೈದು ಕೊಡುವೆನೆಂದರು. ಹೀಗೆ ಭಾರತದ ಪ್ರಥಮ ಕಥಾಚಿತ್ರದ ನಾಯಿಕೆ ನಮ್ಮ ವಾಚಕರ ವೃತ್ತಿಬಂಧುವೇ ಆದನು. ಅದೇ ಸಾಳುಂಕೆ ೧೯೧೭ರ ಲಂಕಾದಹನದಲ್ಲಿ ರಾಮನೂ ಸೀತೆಯೂ ತಾನೇ ಆಗಿ ನಟಿಸಿದನು. ಮುಂದೆ ಕ್ಯಾಮೆರಾದ ಹಿಂದೆ ನಿಂತು ಛಾಯಾಗ್ರಾಹಕನೂ ಆದನು. ಅವಕಾಶ ಕೊಡುವ ಕಣ್ಣು ಬಿದ್ದರೆ ಹೋಟೆಲಿನ ಒಲೆಯ ಬುಡದಿಂದಲೂ ಕಲಾವಿದನು ಮೇಲೆದ್ದು ಬರುತ್ತಾನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಗಲೆಲ್ಲ ಚಿತ್ರೀಕರಣ. ರಾತ್ರಿ ಮನೆಯೇ ಕಾರ್ಖಾನೆ. ಅಂದು ಫಿಲ್ಮು ರಂಧ್ರಗಳಿಲ್ಲದ ಪಟ್ಟಿಯಾಗಿ ಬರುತ್ತಿತ್ತು. ಬೆಳಕು ಸೋಕಿದರೆ ಕೆಡುವ ವಸ್ತುವಾದುದರಿಂದ ಕತ್ತಲೆಯಲ್ಲಿ ಕೈಯಿಂದ ತಡವಿಯೇ ಅಂಚಿನುದ್ದಕ್ಕೂ ರಂಧ್ರ ಕೊರೆಯಬೇಕಾಗಿತ್ತು. ಇಡೀ ತಂಡಕ್ಕೆ ಅಡಿಗೆ ಮಾಡಿ ಬಡಿಸಿದ ಮೇಲೆ ಸರಸ್ವತಿಬಾಯಿಯವರು ಈ ಕೆಲಸಕ್ಕೆ ಕುಳಿತುಕೊಳ್ಳುತ್ತಿದ್ದರು. ಫಿಲ್ಮು ತೊಳೆಯುವ ರಾಸಾಯನಿಕ ದ್ರವಗಳನ್ನು ಬೆರೆಸುವುದೂ ಅವರ ಪಾಲಿಗೇ ಇತ್ತು. ಆರು ತಿಂಗಳು ೨೭ ದಿನಗಳ ದುಡಿಮೆಯಿಂದ ೩,೭೦೦ ಅಡಿ ಉದ್ದದ ಚಿತ್ರ ಸಿದ್ಧವಾಗಿ, ೧೯೧೩ರ ಮೇ ೩ರಂದು ಗಿರಗಾಂವಿನ ಕಾರೊನೇಷನ್ ಚಿತ್ರಗೃಹದಲ್ಲಿ ಸಾರ್ವಜನಿಕರಿಗೆ ತೋರಿಸಲ್ಪಟ್ಟಿತು.

ಸೂರತ್ತಿನ ಮೂರು ರೂಪಾಯಿ

ಮುಂಬಯಿಯಲ್ಲಿ ಗೆದ್ದ ಚಿತ್ರವು ಸೂರತ್ತಿಗೆ ಬಂದಾಗ ಮೊದಲ ದಿನದ ಗಲ್ಲಾಪೆಟ್ಟಿಗೆಯಲ್ಲಿ ಮೂರೇ ರೂಪಾಯಿ ಕೂಡಿತೆಂಬ ವೃತ್ತಾಂತ ಪ್ರಸಿದ್ಧವಾಗಿದೆ. ಎರಡಾಣೆ ಕೊಟ್ಟರೆ ಆರು ಗಂಟೆಯ ನಾಟಕ ನೋಡಬಹುದಾಗಿದ್ದ ಕಾಲದಲ್ಲಿ ಒಂದೂವರೆ ಗಂಟೆಯ ಆಟಕ್ಕೆ ಮೂರಾಣೆ ಯಾರು ಕೊಟ್ಟಾರು? ಫಾಲ್ಕೆಯವರು ದರ ಇಳಿಸಲಿಲ್ಲ. ಐವತ್ತೇಳು ಸಾವಿರ ಫೋಟೋಗಳು, ಎರಡು ಮೈಲಿ ಉದ್ದದ ಚಿತ್ರ, ಬೆಲೆ ಕೇವಲ ಮೂರಾಣೆ ಎಂಬ ಅರ್ಥದ ಜಾಹೀರಾತು ಹೊರಡಿಸಿದರು. ಜನ ಮುಗಿಬಿದ್ದರು. ಲೆಕ್ಕ ಬರೆಯುವ ನಮ್ಮ ಗುಮಾಸ್ತ ಬಂಧುಗಳು ಇದನ್ನು ತಾಳೆ ನೋಡಬಹುದು. ಅಡಿಯೊಂದಕ್ಕೆ ೧೬ ಚಿತ್ರಗಳಂತೆ ೩,೭೦೦ ಅಡಿಗೆ ೫೯,೨೦೦ ಆಗುವುದರಿಂದ ಫೋಟೋಗಳ ಲೆಕ್ಕದಲ್ಲಿ ಮೋಸವಿಲ್ಲ. ಉದ್ದವಾದರೋ ಮುಕ್ಕಾಲು ಮೈಲಿಯನ್ನೂ ಮುಟ್ಟದು! ಸತ್ಯಸಂಧನ ಚಿತ್ರಕ್ಕೆ ಇಷ್ಟು ಸುಳ್ಳು ಬೆರೆಸಿದ್ದನ್ನು ಹರಿಶ್ಚಂದ್ರನು ಕ್ಷಮಿಸಿರಬಹುದು.

ಇಲ್ಲಿ ನಗೆಗಿಂತ ಮಿಗಿಲಾದ ವಿಚಾರವೊಂದಿದೆ. ಬಡೋದೆಯಲ್ಲಿ ಒಂದು ಫೋಟೋಕ್ಕೆ ಹೆದರಿ ಓಡಿದ ಜನಕ್ಕೂ, ಹತ್ತೆಂಟು ವರ್ಷಗಳ ಮೇಲೆ ಸೂರತ್ತಿನಲ್ಲಿ ಸಾವಿರ ಸಾವಿರ ಫೋಟೋಗಳನ್ನು ನೋಡಲು ನೂಕುನುಗ್ಗಲಾದ ಜನಕ್ಕೂ ನಡುವೆ ಆ ಒಬ್ಬ ಮನುಷ್ಯನ ಹಟವು ನಿಂತಿತ್ತು.

ಕೊನೆಯ ದಿನಗಳು

ಆಮೇಲೆ ನಾಸಿಕದಲ್ಲಿ ನೆಲಸಿ ಮೋಹಿನಿ ಭಸ್ಮಾಸುರ, ಸತ್ಯವಾನ ಸಾವಿತ್ರಿ, ಶ್ರೀಕೃಷ್ಣಜನ್ಮ, ಕಾಳಿಂಗಮರ್ದನದ ಕಥೆಗಳನ್ನು ಚಿತ್ರಗಳಾಗಿಸಿದರು. ಹಣ ಬಂದಿತು, ಪಾಲುಗಾರರು ಬಂದರು, ಮತ್ತೆ ಮನಸ್ತಾಪವೂ ಬಂದಿತು. ಮಾತನಾಡುವ ಚಿತ್ರಗಳು ಬಂದಮೇಲೆ ಅವರ ಕಾಲ ಹಿಂದೆ ಸರಿಯಿತು. ೧೯೩೭ರ ಗಂಗಾವತರಣವೇ ಅವರ ಕಡೆಯ ಚಿತ್ರ. ೧೯೪೪ರ ಫೆಬ್ರವರಿ ೧೬ರಂದು ನಾಸಿಕದಲ್ಲಿ, ಲೋಕವು ಬಹುಮಟ್ಟಿಗೆ ಮರೆತಿದ್ದ ಸ್ಥಿತಿಯಲ್ಲಿ, ಅವರು ತೀರಿಕೊಂಡರು. ಅವರ ಹೆಸರಿನ ರಾಷ್ಟ್ರಪ್ರಶಸ್ತಿ ೧೯೬೯ರಲ್ಲಿ ಆರಂಭವಾಯಿತು. ೧೯೯೫ನೆಯ ಸಾಲಿನಲ್ಲಿ ಅದು ನಮ್ಮ ಡಾ. ರಾಜಕುಮಾರರಿಗೂ, ೨೦೦೮ನೆಯ ಸಾಲಿನಲ್ಲಿ ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೂ ಸಂದಿತು. ಕ್ಯಾಮೆರಾ ಹಿಡಿದ ಕೈಗೆ ಆ ಗೌರವ ದೊರೆತದ್ದು ಮೂರ್ತಿಯವರಿಂದಲೇ ಮೊದಲು.

ಫಿಲ್ಮಿನ ಮೋಹವೇಕೆ ಅಳಿಯದು ಎಂಬ ಮೊದಲಿನ ಪ್ರಶ್ನೆಗೆ ಈಗ ಬರೋಣ. ಒಂದು ಸುರುಳಿಯಲ್ಲಿ ೩೬ ಚಿತ್ರಗಳಿಗೆ ಮಾತ್ರ ಎಡೆ. ಒಂದೊಂದಕ್ಕೂ ಹಣ ಬೀಳುವುದರಿಂದ ಗುಂಡಿ ಒತ್ತುವ ಮುನ್ನ ಮನುಷ್ಯನು ನಿಂತು ನೋಡುತ್ತಾನೆ. ಒತ್ತಿದ ಮೇಲೆಯೂ ಚಿತ್ರ ಕೂಡಲೆ ಕಾಣದು. ಬೆಳ್ಳಿಯ ಲವಣ ಲೇಪಿಸಿದ ಆ ಪಟ್ಟಿಯಲ್ಲಿ ಅದು ಅಡಗಿದ್ದು, ಕತ್ತಲೆಯಲ್ಲಿ ತೊಳೆದ ಬಳಿಕವೇ ಮೈದೋರುತ್ತದೆ. ಬಟಾಣಿಯ ಮುಂದೆ ತಿಂಗಳುಗಟ್ಟಲೆ ಕಾದ ಫಾಲ್ಕೆಯವರ ತಾಳ್ಮೆಯ ಒಂದು ತುಣುಕು ಹೀಗೆ ಫಿಲ್ಮು ಹಿಡಿದ ಪ್ರತಿಯೊಬ್ಬನಿಗೂ ದಕ್ಕುತ್ತದೆ. ಕಡೆಗೆ ಕೈಯಲ್ಲಿ ಉಳಿಯುವುದು ಮುಟ್ಟಬಹುದಾದ ಒಂದು ವಸ್ತು.

ಮುಟ್ಟಬಹುದಾದದ್ದು ನಾಶವೂ ಆಗಬಲ್ಲುದು. ರಾಜಾ ಹರಿಶ್ಚಂದ್ರದ ಒಂದು ಭಾಗ ಮಾತ್ರ ಇಂದು ಉಳಿದಿದೆ. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಅದನ್ನು ಕಾಪಾಡಿದೆ. ೨೦೦೬ರ ಆಗಸ್ಟಿನಲ್ಲಿ ತಾಪಿಯ ನೀರು ಸೂರತ್ತಿನ ಮನೆಗಳನ್ನು ಹೊಕ್ಕ ನೆನಪು ನಮಗೆ ಮಾಸಿಲ್ಲ. ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ನಿಮ್ಮ ಟ್ರಂಕಿನಲ್ಲಿರುವ ಹಳೆಯ ಫೋಟೋಗಳನ್ನೂ, ಅವುಗಳ ನೆಗೆಟಿವುಗಳನ್ನೂ ಒಣಗಿದ ಎತ್ತರದ ಜಾಗದಲ್ಲಿಡಿರಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ಊರು, ಇಸವಿಗಳನ್ನು ಬರೆದಿಡಿರಿ. ಊರು ಬಿಟ್ಟು ಬಂದವರ ಮಕ್ಕಳಿಗೆ ಅಜ್ಜ ಅಜ್ಜಿಯರ ಮುಖದ ಪರಿಚಯ ಆ ಕಾಗದದಿಂದಲೇ ಆಗಬೇಕಾಗಿದೆ.