ಅಂಚೆಚೀಲ ಹೊತ್ತ ವೈಮಾನಿಕ

ಅಂಚೆಚೀಟಿಗಳನ್ನು ಸಂಗ್ರಹಿಸುವ ಹವ್ಯಾಸಿಗಳಲ್ಲಿ ಒಂದು ವಿಚಿತ್ರವಾದ ಆಸೆಯುಂಟು. ಅಂಚು ಸುಟ್ಟು ಕರಕಾದ, ನೀರಿನಲ್ಲಿ ನೆನೆದು ಮಸಿ ಹರಡಿಕೊಂಡ ಹಳೆಯ ಲಕೋಟೆಗಳನ್ನು ಅವರು ಅಕ್ಕರೆಯಿಂದ ಹುಡುಕಿ ಕೊಳ್ಳುತ್ತಾರೆ. ನೆಲಕ್ಕುರುಳಿದ ಅಂಚೆ ವಿಮಾನಗಳಿಂದ ಉಳಿದು ಬಂದ ಕಾಗದಗಳವು. ಕಾಗದ ಉಳಿಯಿತು, ಅದನ್ನು ಹೊತ್ತವನು ಎಷ್ಟೋ ಸಲ ಉಳಿಯಲಿಲ್ಲ. ಯಾರೋ ಯಾರಿಗೋ ಬರೆದ ಓಲೆಗಾಗಿ ಮನುಷ್ಯನು ಪ್ರಾಣವನ್ನು ಪಣವಾಗಿ ಒಡ್ಡಬಹುದೆ? ಈ ಪ್ರಶ್ನೆಯನ್ನು ಬಾಳಿನಲ್ಲಿಯೂ ಬರಹದಲ್ಲಿಯೂ ಎದುರಿಸಿದವನು ಫ್ರಾನ್ಸಿನ ಆಂತ್ವಾನ್ ದ ಸೇಂತ್ ಎಕ್ಸುಪೆರಿ. ಪುಟ್ಟ ರಾಜಕುಮಾರನ ಕಥೆಯನ್ನು ಬರೆದವನೆಂದು ಲೋಕವು ಆತನನ್ನು ಬಲ್ಲದು. ನಾನಾದರೋ ಆತನ ಅಂಚೆಯ ದಿನಗಳನ್ನೇ ಇಲ್ಲಿ ಹೇಳಬಯಸುತ್ತೇನೆ. ಆತನನ್ನು ಸಾಹಿತಿಯನ್ನಾಗಿ ಮಾಡಿದವು ಆ ದಿನಗಳೇ ಎಂಬುದು ನನ್ನ ಎಣಿಕೆ.

ಆತನು ಹುಟ್ಟಿದುದು 1900ನೆಯ ಇಸವಿ ಜೂನ್ 29ರಂದು, ಲಿಯಾನ್ ನಗರದ ಕುಲೀನ ಮನೆತನದಲ್ಲಿ. ಎಳೆಯತನದಲ್ಲಿಯೇ ತಂದೆ ತೀರಿಕೊಂಡನು. ನೌಕಾಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಹುಡುಗನು ತೇರ್ಗಡೆಯಾಗಲಿಲ್ಲ. 1921ರಲ್ಲಿ ಸೈನ್ಯದ ಕಡ್ಡಾಯ ಸೇವೆಗೆ ಸೇರಿದಾಗ ವಿಮಾನ ನಡೆಸುವುದನ್ನು ಕಲಿತನು. ಆಮೇಲೆ ಲಾರಿಗಳನ್ನು ಮಾರುವ ಕೆಲಸ ಹಿಡಿದು, ಒಂದೇ ಒಂದು ಲಾರಿಯನ್ನು ಮಾರಿದನೆಂದು ಹೇಳುತ್ತಾರೆ. 1926ರ ಅಕ್ಟೋಬರಿನಲ್ಲಿ ತುಲೂಸ್ ಪಟ್ಟಣದ ಲಾತೆಕೊಯೇರ್ ವಿಮಾನ ಸಂಸ್ಥೆಯ ಬಾಗಿಲು ತಟ್ಟಿದಾಗ ಆತನ ಕೈಯಲ್ಲಿ ಹೇಳಿಕೊಳ್ಳುವಂಥದೇನೂ ಇರಲಿಲ್ಲ.

ವಿಮಾನದ ಅಂಚೆ ಆಗ ಹೊಸದು. 1911ರ ಫೆಬ್ರವರಿ 18ರಂದು ನಮ್ಮ ಅಲಹಾಬಾದಿನಲ್ಲಿ ಆಂರಿ ಪೆಕೆ ಎಂಬ ಫ್ರೆಂಚ್ ವೈಮಾನಿಕನು ಸುಮಾರು 6,500 ಕಾಗದಗಳನ್ನು ಯಮುನೆಯಾಚೆಯ ನೈನಿಗೆ ಹಾರಿಸಿಕೊಂಡು ಹೋಗಿದ್ದನು. ಆ ಹತ್ತು ಕಿಲೋಮೀಟರಿನ ಹಾರಾಟಕ್ಕೆ ಆಗಿನ್ನೂ ಹದಿನೈದು ವರ್ಷ. ತುಲೂಸಿನ ಸಂಸ್ಥೆಯಾದರೋ ಸ್ಪೇನನ್ನು ಹಾಯ್ದು, ಸಹಾರದ ಅಂಚಿನುದ್ದಕ್ಕೂ ಡಾಕರಿನವರೆಗೆ ಟಪಾಲು ಒಯ್ಯುತ್ತಿತ್ತು. ಅವರ ಬ್ರೆಗೆ 14 ವಿಮಾನವು ಮೊದಲ ಮಹಾಯುದ್ಧದಲ್ಲಿ ಬಾಂಬು ಹಾಕಲು ಬಳಕೆಯಾದ ಬಗೆಯದು. ಒಂದರ ಮೇಲೊಂದು ಎರಡು ಸಾಲು ರೆಕ್ಕೆ, ಮುನ್ನೂರು ಅಶ್ವಶಕ್ತಿಯ ಯಂತ್ರ. ಚಾಲಕನ ನೆತ್ತಿಯ ಮೇಲೆ ಸೂರಿಲ್ಲ. ಮಳೆ, ಮರಳು, ಯಂತ್ರದಿಂದ ಸಿಡಿಯುವ ಎಣ್ಣೆ, ಎಲ್ಲವೂ ನೇರವಾಗಿ ಮುಖಕ್ಕೆ. ನೆಲದೊಡನೆ ಮಾತನಾಡಲು ರೇಡಿಯೋ ಕೂಡ ಇರಲಿಲ್ಲ. ಸಂಸ್ಥೆಯ ಮೇಲ್ವಿಚಾರಕ ದಿದಿಯೆ ದೋರಾ ಬಹು ಕಠಿಣ ಮನುಷ್ಯ. ಕುಲೀನನೆಂದು ದಾಕ್ಷಿಣ್ಯ ತೋರದೆ ಹೊಸಬನನ್ನು ಮೊದಲು ಕಾರ್ಖಾನೆಗೆ ಅಟ್ಟಿ, ಯಂತ್ರಗಳನ್ನು ಬಿಚ್ಚಿ ತೊಳೆಯುವ ಕೆಲಸಕ್ಕೆ ಹಚ್ಚಿದನು.

ಆಗಿನ ಸ್ಪ್ಯಾನಿಷ್ ಸಹಾರದ ಮೇಲೆ ಎರಡೆರಡು ವಿಮಾನಗಳು ಜೊತೆಯಾಗಿ ಹಾರುತ್ತಿದ್ದವು. ಒಂದು ಕೆಟ್ಟು ಇಳಿದರೆ ಅದರಲ್ಲಿದ್ದವರನ್ನು ಇನ್ನೊಂದು ಎತ್ತಿಕೊಳ್ಳಬೇಕು. ಇಳಿದವರನ್ನು ಮೂರ್ ಬುಡಕಟ್ಟಿನವರು ಸೆರೆಹಿಡಿದು ಬಿಡುಗಡೆಗೆ ಹಣ ಕೇಳುತ್ತಿದ್ದರು, ಕೆಲವೊಮ್ಮೆ ಕೊಲ್ಲುತ್ತಿದ್ದರು. ಫ್ರೆಂಚ್ ಲೇಖಕರು ಇದನ್ನು ಬರಿಯ ಕ್ರೌರ್ಯವೆಂಬಂತೆ ಬಣ್ಣಿಸುವುದುಂಟು. ಪರರ ಆಳ್ವಿಕೆಯ ಕಷ್ಟವನ್ನು ಉಂಡ ನಮಗೆ, ತಮ್ಮ ನೆಲದ ಮೇಲೆ ಕೇಳದೆ ಹಾರಿದ ಪರಕೀಯರನ್ನು ಆ ಜನ ಶತ್ರುಗಳೆಂದೇ ಎಣಿಸಿದರೆಂಬುದು ಅರ್ಥವಾಗದ ಸಂಗತಿಯಲ್ಲ. 1927ರಲ್ಲಿ ಸೇಂತ್ ಎಕ್ಸುಪೆರಿಯನ್ನು ದೋರಾ ಕಳುಹಿಸಿದುದು ಇಂಥ ಸೀಮೆಯ ಕೇಪ್ ಜೂಬಿ ಎಂಬ ನಿಲ್ದಾಣಕ್ಕೆ. ಒಂದು ಕಡೆ ಕಡಲು, ಉಳಿದ ಕಡೆಯೆಲ್ಲ ಮರಳು, ನಡುವೆ ಸ್ಪೇನಿನ ಕೋಟೆ. ಅದರ ಮಗ್ಗುಲಿನ ಹಲಗೆಯ ಬಿಡಾರದಲ್ಲಿ ಹಲಗೆಯೇ ಹಾಸಿಗೆ. ಆತನು ಅಲ್ಲಿ ಅರಬ್ಬಿ ಕಲಿತನು, ಗುಡಾರಗಳಿಗೆ ಹೋಗಿ ಚಹಾ ಕುಡಿದನು, ಮರುಭೂಮಿಯ ನರಿಮರಿಯೊಂದನ್ನು ಸಾಕಿದನು. ಸುಮಾರು ಒಂದೂವರೆ ವರ್ಷದಲ್ಲಿ ಮರಳಿಗಿಳಿದ ಎಷ್ಟೋ ಮಂದಿಯನ್ನು ಮಾತಿನಿಂದಲೂ ಸಾಹಸದಿಂದಲೂ ಬಿಡಿಸಿ ತಂದನು. ಆತನ ಮೊದಲ ಕಾದಂಬರಿ ದಕ್ಷಿಣದ ಅಂಚೆಯನ್ನು ಕುರಿತದ್ದು. ಅದನ್ನು ಬರೆದುದು ಆ ಬಿಡಾರದಲ್ಲಿಯೇ.

1929ರಲ್ಲಿ ಆತನು ಬ್ಯೂನಸ್ ಐರಿಸ್ ಸೇರಿದನು. ಹಗಲು ವಿಮಾನವು ಗಳಿಸಿದ ಹೊತ್ತನ್ನು, ಅದು ತಂಗಿದ ರಾತ್ರಿಯಲ್ಲಿ ರೈಲೂ ಹಡಗೂ ಮರಳಿ ಗೆಲ್ಲುತ್ತಿದ್ದುದರಿಂದ, ಅಲ್ಲಿ ರಾತ್ರಿಯೂ ಹಾರುವ ಪರಿಪಾಠ ಆರಂಭವಾಗಿತ್ತು. ಅದರಿಂದ ಹುಟ್ಟಿದುದು 1931ರ ಕಾದಂಬರಿ ‘ರಾತ್ರಿಯ ಹಾರಾಟ’. ಅದರಲ್ಲಿ ವೈಮಾನಿಕನೊಬ್ಬನು ಬಿರುಗಾಳಿಗೆ ಸಿಕ್ಕಿ ಕಣ್ಮರೆಯಾಗುತ್ತಾನೆ. ಅಧಿಕಾರಿ ರಿವಿಯೇರ್, ದೋರಾನ ಛಾಯೆಯುಳ್ಳವನು, ಯೂರೋಪಿನ ಅಂಚೆಯನ್ನು ಆ ರಾತ್ರಿಯೇ ಹೊರಡಿಸುತ್ತಾನೆ. ಕಾದಂಬರಿ ಫೆಮಿನಾ ಪ್ರಶಸ್ತಿ ಪಡೆಯಿತು. ಜೊತೆಗಾರರಲ್ಲಿ ಕೆಲವರಿಗೆ ಮಾತ್ರ ರುಚಿಸಲಿಲ್ಲ. ರಿವಿಯೇರನ ನಿಷ್ಠೆಯನ್ನು ವಿಮರ್ಶಕರು ಬಹಳ ಹೊಗಳಿದ್ದಾರೆ. ನನ್ನ ಮನಸ್ಸಿನಲ್ಲಿ ನಿಂತಿರುವವಳು ಗಂಡನ ಸುದ್ದಿ ಕೇಳಲು ಆ ಕಚೇರಿಗೆ ಬರುವ ಎಳೆಯ ಹೆಂಡತಿ. ರಿವಿಯೇರನ ಸತ್ಯಕ್ಕೆ ಎಷ್ಟು ತೂಕವೋ ಆಕೆಯ ಸತ್ಯಕ್ಕೂ ಅಷ್ಟೇ ತೂಕ ಕೊಟ್ಟು, ತೀರ್ಪು ಹೇಳದೆ ಬಿಟ್ಟುದು ಆ ಕೃತಿಯ ಹಿರಿಮೆ.

ಇದಕ್ಕಿಂತ ದೊಡ್ಡ ಕಥೆ ನಿಜವಾಗಿಯೇ ನಡೆದಿತ್ತು. 1930ರ ಜೂನ್ ತಿಂಗಳು, ದಕ್ಷಿಣಾರ್ಧದ ಚಳಿಗಾಲ. ಆತನ ಗೆಳೆಯ ಆಂರಿ ಗಿಯೊಮೆಯ ವಿಮಾನ ಆಂಡೀಸ್ ಪರ್ವತಗಳ ಹಿಮದಲ್ಲಿ ಬಿದ್ದಿತು. ಸೇಂತ್ ಎಕ್ಸುಪೆರಿ ದಿನಗಟ್ಟಲೆ ಶಿಖರಗಳ ನಡುವೆ ಹಾರಿ ಹುಡುಕಿದರೂ ಸುಳಿವಿಲ್ಲ. ಗಿಯೊಮೆ ವಿಮಾನದಡಿಯಲ್ಲಿ ಗುಂಡಿ ತೋಡಿ, ಅಂಚೆಯ ಚೀಲಗಳನ್ನೇ ಸುತ್ತ ಒಟ್ಟಿಕೊಂಡು ಎರಡು ದಿನ ಬಿರುಗಾಳಿಯನ್ನು ಕಳೆದನು. ಆಮೇಲೆ ಚೀಲಗಳನ್ನು ಅಲ್ಲಿಯೇ ಬಿಟ್ಟು ನಡೆಯತೊಡಗಿದನು. ಮಲಗಿದರೆ ಸಾವು, ಒಮ್ಮೆ ಮಲಗಿಯೂಬಿಟ್ಟನು. ಆಗ ನೆನಪಾದುದು ಹೆಂಡತಿಗೆ ಬರಬೇಕಾದ ವಿಮೆಯ ಹಣ. ಹೆಣ ಸಿಗದಿದ್ದರೆ ಕಾನೂನು ನಾಲ್ಕು ವರ್ಷ ಕಾಯಿಸುತ್ತದೆ. ಹೆಣವಾದರೂ ಕಾಣುವಂತಿರಲೆಂದು ಮುಂದಿನ ಬಂಡೆಯವರೆಗೆ ಹೋಗಲು ಎದ್ದವನು ಮತ್ತೆ ಮಲಗಲಿಲ್ಲ. ಐದು ಹಗಲು ನಾಲ್ಕು ರಾತ್ರಿ ನಡೆದು ಜೀವಂತವಾಗಿ ಮನುಷ್ಯರ ನಡುವೆ ಬಂದನು. ಅಂಚೆ ದೊಡ್ಡದೋ ಮನುಷ್ಯ ದೊಡ್ಡವನೋ ಎಂಬ ಪ್ರಶ್ನೆಗೆ ಕಾದಂಬರಿಯಲ್ಲಿ ದೊರೆಯದ ಬೆಳಕು ನನಗೆ ಕಂಡುದು ಇಲ್ಲಿ. 1939ರ ‘ಮನುಷ್ಯರ ನೆಲ’ ಎಂಬ ಗದ್ಯಕೃತಿಯಲ್ಲಿ ಸೇಂತ್ ಎಕ್ಸುಪೆರಿ ಈ ನಡಿಗೆಯನ್ನು ಚಿತ್ರಿಸಿದ್ದಾನೆ. ಆತನ ಬರಹದಲ್ಲೆಲ್ಲ ನಾನು ಮೊದಲು ಎತ್ತಿಹಿಡಿಯುವುದು ಆ ಪುಟಗಳನ್ನು.

ಮುಂದಿನದು ವೇಗವಾಗಿ ಮುಗಿಯುತ್ತದೆ. 1931ರಲ್ಲಿ ಸಂಸ್ಥೆ ದಿವಾಳಿಯಾಯಿತು. 1935ರ ಕೊನೆಯಲ್ಲಿ ಲಿಬಿಯಾದ ಮರುಭೂಮಿಯಲ್ಲಿ ಬಿದ್ದು, ನೀರಿಲ್ಲದೆ ಸಾಯುತ್ತಿದ್ದ ಆತನನ್ನೂ ಜೊತೆಗಾರನನ್ನೂ ಅರಬನೊಬ್ಬನು ಉಳಿಸಿದನು. 1940ರಲ್ಲಿ ಗಿಯೊಮೆಯ ವಿಮಾನವನ್ನು ಮೆಡಿಟರೇನಿಯನ್ ಸಮುದ್ರದ ಮೇಲೆ ಹೊಡೆದುರುಳಿಸಲಾಯಿತು. ವಯಸ್ಸು ಮೀರಿದ್ದರೂ ಹಟ ಹಿಡಿದು ಯುದ್ಧಕ್ಕೆ ಮರಳಿದ ಸೇಂತ್ ಎಕ್ಸುಪೆರಿ 1944ರ ಜುಲೈ 31ರಂದು ಕಾರ್ಸಿಕಾದಿಂದ ಛಾಯಾಚಿತ್ರ ತೆಗೆಯಲು ಒಬ್ಬನೇ ಹಾರಿದನು; ಹಿಂತಿರುಗಲಿಲ್ಲ.

ಐವತ್ತನಾಲ್ಕು ವರ್ಷಗಳ ಮೇಲೆ, 1998ರಲ್ಲಿ, ಮಾರ್ಸೇಲ್ಸಿನ ಬಳಿ ಬೆಸ್ತನೊಬ್ಬನ ಬಲೆಯಲ್ಲಿ ಬೆಳ್ಳಿಯ ಕೈಸರಪಳಿಯೊಂದು ಬಂದಿತು. ಅಲ್ಲಿಯೇ ಸಮುದ್ರದ ತಳದಲ್ಲಿದ್ದ ವಿಮಾನದ ಚೂರುಗಳನ್ನು ಮೇಲೆತ್ತಿ, 2004ರಲ್ಲಿ ಅವು ಆತನ ವಿಮಾನದವೇ ಎಂದು ಗುರುತಿಸಿದರು. ಕೈಸರಪಳಿಯ ಮೇಲೆ ಕೆತ್ತಿದ್ದುದು ಆತನ ಹೆಸರು, ಹೆಂಡತಿ ಕಾನ್ಸುವೆಲೋಳ ಹೆಸರು, ಮತ್ತು ನ್ಯೂಯಾರ್ಕಿನ ಪ್ರಕಾಶಕರ ವಿಳಾಸ.