ಬಾಲಪ್ರಪಂಚದ ಶಿಲ್ಪಿ ಡಾ. ಕೋಟ ಶಿವರಾಮ ಕಾರಂತರು

ಕನ್ನಡ ನಾಡಿನ ಪ್ರಾಥಮಿಕ ಶಾಲೆಗಳಲ್ಲಿ ವಿಜ್ಞಾನವೆಂಬುದು ಬಹುಕಾಲ ಕಂಠಪಾಠದ ವಿಷಯವಾಗಿತ್ತು. ಗ್ರಹಗಳ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸುವ ಬಾಲಕನು ರಾತ್ರಿ ಅಂಗಳದಲ್ಲಿ ನಿಂತು ಶುಕ್ರನನ್ನು ತೋರಿಸಲಾರದೆ ತಬ್ಬಿಬ್ಬಾಗುತ್ತಿದ್ದನು. ಈ ಕೊರತೆಯನ್ನು ಕಂಡು ಅದರ ನಿವಾರಣೆಗೆ ಸ್ವಂತ ದುಡಿಮೆಯಿಂದಲೇ ತೊಡಗಿದವರಲ್ಲಿ ಡಾ. ಕೋಟ ಶಿವರಾಮ ಕಾರಂತರು ಅಗ್ರಗಣ್ಯರು. ಕಾದಂಬರಿಕಾರರೆಂದು ಅವರನ್ನು ಅರಿತವರು ಅಸಂಖ್ಯ. ಮಕ್ಕಳ ಉಪಾಧ್ಯಾಯರೆಂದು ಅರಿತವರು ವಿರಳ.

1902ರ ಅಕ್ಟೋಬರ್ 10ರಂದು ದಕ್ಷಿಣ ಕನ್ನಡದ ಕೋಟದಲ್ಲಿ ಶೇಷ ಕಾರಂತ, ಲಕ್ಷ್ಮಮ್ಮ ದಂಪತಿಗಳ ಮಗನಾಗಿ ಜನಿಸಿದ ಅವರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜನ್ನು ತೊರೆದರು. ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಯಾವ ಪದವಿಯೂ ಇಲ್ಲದ, ಪ್ರಯೋಗಶಾಲೆಯ ಶಿಕ್ಷಣವೂ ಇಲ್ಲದ ವ್ಯಕ್ತಿಯೊಬ್ಬರು ಮುಂದೆ ಕನ್ನಡದ ಮಕ್ಕಳಿಗೆ ವಿಜ್ಞಾನವನ್ನು ಬರೆದುಕೊಟ್ಟರೆಂಬುದು ಉಪಾಧ್ಯಾಯ ವರ್ಗವು ಗಮನಿಸತಕ್ಕ ಸಂಗತಿ. ಬಹುಶಃ ಅದೇ ಅವರಿಗೆ ಅನುಕೂಲವಾಗಿಯೂ ಪರಿಣಮಿಸಿರಬೇಕು. ತಾವೇ ಓದಿ, ತಾವೇ ನೋಡಿ ಕಲಿತವರಿಗೆ ಕಲಿಯುವವನು ಎಲ್ಲಿ ಎಡವುತ್ತಾನೆಂಬುದು ಗೊತ್ತಿರುತ್ತದೆ.

ಅವರು ಪುತ್ತೂರಿನಲ್ಲಿ ನೆಲೆಸಿ, ಬಾಲವನವೆಂದು ಹೆಸರಾದ ತಾಣದಲ್ಲಿ ಮಕ್ಕಳ ಶಿಕ್ಷಣವನ್ನು ಕುರಿತು ನಾನಾ ಪ್ರಯೋಗಗಳನ್ನು ಕೈಗೊಂಡರು. ಆಟ, ನಾಟಕ, ಕುಣಿತ, ಚಿತ್ರ ಎಲ್ಲವೂ ಅಲ್ಲಿ ಕಲಿಕೆಯ ದಾರಿಗಳಾದವು. ಆ ಪ್ರಯೋಗವು ದೊಡ್ಡ ವಿದ್ಯಾಸಂಸ್ಥೆಯಾಗಿ ಬೆಳೆಯಲಿಲ್ಲ. ಆದರೆ ಆ ಕಾಲದ ಪರಿಶ್ರಮದ ಫಲವಾಗಿ 1936ರ ಸುಮಾರಿಗೆ ಮೂರು ಸಂಪುಟಗಳ ‘ಬಾಲಪ್ರಪಂಚ’ ಹೊರಬಂದಿತು.

ಈ ಕಾರ್ಯದ ಮಹತ್ತ್ವವನ್ನು ಅರಿಯಬೇಕಾದರೆ ಅಂದಿನ ಪರಿಸ್ಥಿತಿಯನ್ನು ನೆನೆಯಬೇಕು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ ಆರಂಭಿಸಿದ ‘ವಿಜ್ಞಾನ’ ಮಾಸಪತ್ರಿಕೆ ಎರಡು ವರ್ಷಗಳಲ್ಲಿ ನಿಂತುಹೋಗಿತ್ತು. ಅದು ಬೆಳೆದ ಓದುಗರಿಗಾಗಿ ಹುಟ್ಟಿದ್ದು. ಮಕ್ಕಳಿಗೆ ಅಷ್ಟೂ ಇರಲಿಲ್ಲ. ನಾಡೋ, ಹರಿದು ಹಂಚಿಹೋಗಿತ್ತು. ದಾವಣಗೆರೆ, ಹರಿಹರಗಳು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತ. ಪುತ್ತೂರು ಮದರಾಸು ಪ್ರಾಂತಕ್ಕೆ ಸೇರಿತ್ತು. ಹರಿಹರದ ಬಾಲಕನೂ ಹೊಳೆಯಾಚೆಯ ಬಾಲಕನೂ ಒಂದೇ ನೀರಿನಲ್ಲಿ ಈಜಿದರೂ ಅವರ ಶಾಲೆಗಳನ್ನು ಆಳುವ ಸರಕಾರಗಳು ಬೇರೆಯಾಗಿದ್ದವು. ಯಾವೊಂದು ಸರಕಾರದ ಪಠ್ಯಕ್ರಮಕ್ಕೂ ಕಟ್ಟುಬೀಳದ ಪುಸ್ತಕವೊಂದೇ ಇವರೆಲ್ಲರನ್ನೂ ಮುಟ್ಟಬಲ್ಲದಾಗಿತ್ತು.

ವಿಶ್ವಕೋಶವೆಂದರೆ ಪಂಡಿತಮಂಡಳಿಯ ಕೆಲಸ. ಕಾರಂತರು ಅದನ್ನು ಒಬ್ಬರೇ ಹೊತ್ತರು. ಅಷ್ಟಕ್ಕೇ ನಿಲ್ಲದೆ, ಬೆಳೆದ ಓದುಗರಿಗೆಂದು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು 1959ರಿಂದ 1964ರ ಅವಧಿಯಲ್ಲಿ ಹೊರತಂದರು. ಕೆಳಗಿನ ತರಗತಿಯ ಮಗುವಿಗೆ ಒಂದು ಮೆಟ್ಟಿಲು, ಬೆಳೆದವನಿಗೆ ಇನ್ನೊಂದು. ಎಳೆಯರಿಗೆ ಹೇಳಿದ್ದನ್ನೇ ಉದ್ದಮಾಡಿ ದೊಡ್ಡವರಿಗೆ ಹೇಳುವುದು ಪಾಠವಾಗದು. ಮಗುವಿಗೆ ಬೀಜ ಮೊಳೆಯುವುದನ್ನು ತೋರಿಸಿದರೆ ಸಾಕು, ಹಿರಿಯ ವಿದ್ಯಾರ್ಥಿಗೆ ಅದು ಏಕೆ ಮೊಳೆಯಿತೆಂಬ ಪ್ರಶ್ನೆಯೂ ಬೇಕು. ಒಂದೇ ಕೋಣೆಯಲ್ಲಿ ನಾಲ್ಕು ತರಗತಿಗಳನ್ನು ಕೂರಿಸಿಕೊಂಡು ಪಾಠ ಹೇಳಿದ ಹಳ್ಳಿಯ ಮಾಸ್ತರರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಉಳಿದ ಸಾಧನೆಗಳು ಸರ್ವವಿದಿತ: ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ಯಕ್ಷಗಾನದ ಸಂಶೋಧನೆ, 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ.

ಆದರೆ ಅವರ ಹೆಸರು ಈ ಭಾಗದ ಜನತೆಗೆ ಇನ್ನೊಂದು ಕಾರಣದಿಂದಲೂ ಹತ್ತಿರವಾಯಿತು. 1984ರಲ್ಲಿ ರಾಜ್ಯ ಸರಕಾರವೂ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಸ್ಥಾಪಿಸಿದವು. ಹರಿಹರದ ಎದುರು ದಂಡೆಯ ಕುಮಾರಪಟ್ಟಣದ ಕಾರ್ಖಾನೆಗೆ ಬೇಕಾದ ನೀಲಗಿರಿ ಮರಗಳನ್ನು ಬೆಳೆಸಲು ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಗೊತ್ತುಮಾಡಲಾಯಿತು. ಹಳ್ಳಿಗರ ದನಗಳಿಗೆ ಮೇವು, ಒಲೆಗೆ ಸೌದೆ ಒದಗಿಸುತ್ತಿದ್ದ ನೆಲವದು. ನೀಲಗಿರಿಯ ಸೊಪ್ಪನ್ನೋ ದನ ಮೂಸಿಯೂ ನೋಡದು. ಸಮಾಜ ಪರಿವರ್ತನ ಸಮುದಾಯದವರು 1986ರ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಮುಖ್ಯ ಅರ್ಜಿದಾರರಾಗಿ ನಿಂತವರು 84 ವರ್ಷದ ಕಾರಂತರು. 1987ರ ಮಾರ್ಚಿಯಲ್ಲಿ ತಡೆಯಾಜ್ಞೆ ದೊರೆಯಿತು. 1991ರಲ್ಲಿ ಆ ಕಂಪನಿಯೇ ಮುಚ್ಚಿತು. ಗಿಡಮರಗಳ ವಿಚಾರವನ್ನು ಮಕ್ಕಳಿಗೆ ಬರೆದು ತಿಳಿಸಿದವರು, ಅರ್ಧ ಶತಮಾನದ ಬಳಿಕ ಅದೇ ವಿಚಾರವನ್ನು ನ್ಯಾಯಪೀಠದ ಮುಂದಿಟ್ಟರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೂ ನಿಂತರು. ಅಲ್ಲಿ ಜಯ ದೊರೆಯಲಿಲ್ಲ.

1997ರ ಆಗಸ್ಟ್ 15ರಂದು ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾಯಿತು. ಅದೇ ವರ್ಷದ ಡಿಸೆಂಬರ್ 9ರಂದು ಕಾರಂತರು ಮಣಿಪಾಲದಲ್ಲಿ ನಿಧನರಾದರು. ಅಂತ್ಯಕಾಲದವರೆಗೂ ಅವರ ಲೇಖನಿ ವಿರಮಿಸಿರಲಿಲ್ಲ. ಕೊನೆಯ ದಿನಗಳಲ್ಲಿ ಹಕ್ಕಿಗಳನ್ನು ಕುರಿತು ಬರೆದ ಪುಸ್ತಕವು ಅವರ ಮರಣಾನಂತರ ಅಚ್ಚಾಯಿತು.